ಪೆಟ್ರೋಲ್ ಕಾಲ ಮುಗಿದ ಮೇಲೆ ರಸ್ತೆಯ ಖರ್ಚು ಯಾರ ತಲೆಗೆ?

ಮಂಗಳೂರಿನ ಸಂಸ್ಕರಣಾಗಾರದಲ್ಲಿ ತಯಾರಾದ ಪೆಟ್ರೋಲು, ಡೀಸೆಲ್ಲು ಘಟ್ಟ ಹತ್ತಿ ಹಾಸನಕ್ಕೆ ಬರುವ ಒಂದು ದಾರಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ನೆಲದೊಳಗಿನ ಕೊಳವೆ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿನವರೆಗೆ ಸುಮಾರು 362 ಕಿಲೋಮೀಟರ್ ಉದ್ದದ ಈ ಕೊಳವೆ ಮಾರ್ಗ 2003ರಿಂದ ಕೆಲಸ ಮಾಡುತ್ತಿದೆ. ಹಾಸನದಲ್ಲಿ ಇಳಿದ ಇಂಧನ ಟ್ಯಾಂಕರ್ ಹತ್ತಿ ಸುತ್ತಲಿನ ಬಂಕುಗಳಿಗೆ ಹೋಗುತ್ತದೆ. ಬಂಕಿನ ಮಾಲೀಕರು ಕೊಳ್ಳುವ ಹೊತ್ತಿಗೇ ಕೇಂದ್ರದ ಅಬಕಾರಿ ಸುಂಕವೂ ರಾಜ್ಯದ ಮಾರಾಟ ತೆರಿಗೆಯೂ ಅದರ ಬೆಲೆಯಲ್ಲಿ ಸೇರಿಹೋಗಿರುತ್ತವೆ. ಕೋಟ್ಯಂತರ ಸವಾರರ ತೆರಿಗೆಯನ್ನು ಬೆರಳೆಣಿಕೆಯ ತೈಲ ಕಂಪನಿಗಳು ಕಟ್ಟಿ ಮುಗಿಸುತ್ತವೆ. ಅರ್ಜಿ ಇಲ್ಲ, ನೋಟಿಸು ಇಲ್ಲ, ತಪ್ಪಿಸಿಕೊಳ್ಳಲು ದಾರಿಯೂ ಇಲ್ಲ. ಹೆಚ್ಚು ಓಡಿಸಿದವರು ಹೆಚ್ಚು ಕೊಡುತ್ತಾರೆ, ಭಾರದ ಗಾಡಿಯವರು ಇನ್ನಷ್ಟು ಕೊಡುತ್ತಾರೆ. ವಸೂಲಿಯ ದೃಷ್ಟಿಯಿಂದ ಇಷ್ಟು ಸಲೀಸಾದ ತೆರಿಗೆ ಇನ್ನೊಂದಿಲ್ಲ.

ವಿದ್ಯುತ್ ಚಾಲಿತ ವಾಹನ, ಅಂದರೆ ಇವಿ, ಈ ಏರ್ಪಾಡನ್ನು ಬುಡದಿಂದ ಅಲುಗಾಡಿಸುತ್ತದೆ. ಕೆರೆಯ ತೂಬಿನಲ್ಲಿ ನಿಂತು ನೀರನ್ನು ಅಳೆಯುವುದು ಸುಲಭ. ಅದೇ ನೀರು ಸಾವಿರ ಗದ್ದೆಗಳಿಗೆ ಹರಿದ ಮೇಲೆ ಯಾರಿಗೆ ಎಷ್ಟು ಹೋಯಿತೆಂದು ಹೇಳುವುದು ಕಷ್ಟ. ಪೆಟ್ರೋಲಿಗೆ ತೂಬು ಇತ್ತು. ಕರೆಂಟು ಮನೆ ಮನೆಯ ಸಾಕೆಟ್ಟಿನಿಂದ ಗಾಡಿಗೆ ಹೋಗುತ್ತದೆ. ಅದೇ ಮೀಟರಿನಿಂದ ಮಿಕ್ಸರ್ ತಿರುಗುತ್ತದೆ, ಮೋಟರ್ ಓಡುತ್ತದೆ, ದೀಪ ಉರಿಯುತ್ತದೆ. ಯಾವ ಯೂನಿಟ್ ಚಕ್ರ ತಿರುಗಿಸಿತು, ಯಾವುದು ಚಟ್ನಿ ರುಬ್ಬಿತು ಎಂದು ಮೀಟರಿಗೆ ಗೊತ್ತಿಲ್ಲ.

ಎಷ್ಟು ಹಣದ ಮಾತು ಇದು ಎಂದು ತಿಳಿಯಲು ಹಾಸನದ ಬಿ.ಎಂ. ರಸ್ತೆಯ ಯಾವುದಾದರೂ ಬಂಕಿನಲ್ಲಿ ಹಾಕಿಸಿದ ಒಂದು ಲೀಟರ್ ಪೆಟ್ರೋಲನ್ನು ಬಿಡಿಸಿ ನೋಡೋಣ. 2025ರ ಮಧ್ಯಭಾಗದ ಲೆಕ್ಕ ಹಿಡಿದರೆ ಬೆಲೆ ಸುಮಾರು 103 ರೂಪಾಯಿ. ಅದರಲ್ಲಿ ಕೇಂದ್ರದ ಸುಂಕ 21 ರೂಪಾಯಿ 90 ಪೈಸೆ. ರಾಜ್ಯದ ಮಾರಾಟ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿಸಲಾಯಿತು, ರೂಪಾಯಿ ಲೆಕ್ಕದಲ್ಲಿ ಅದು 23ರಿಂದ 24ರ ಆಸುಪಾಸು. ಎರಡೂ ಸೇರಿದರೆ ಲೀಟರಿಗೆ ಸುಮಾರು 45 ರೂಪಾಯಿ. ಪೆಟ್ರೋಲು ಜಿಎಸ್‌ಟಿಯ ಹೊರಗೆ ಉಳಿದಿರುವುದಕ್ಕೆ ಇದೇ ಕಾರಣ. ಈ ಆದಾಯವನ್ನು ಬಿಟ್ಟುಕೊಡಲು ಕೇಂದ್ರವೂ ಸಿದ್ಧವಿಲ್ಲ, ರಾಜ್ಯಗಳೂ ಸಿದ್ಧವಿಲ್ಲ.

ಕೇಂದ್ರದ 21.90ರ ಒಳಗೂ ಒಮ್ಮೆ ಇಣುಕಬೇಕು, ಮುಂದಿನ ಲೆಕ್ಕಕ್ಕೆ ಅದು ಬೇಕಾಗುತ್ತದೆ. ಮೂಲ ಅಬಕಾರಿ ಸುಂಕ 1.40 ರೂಪಾಯಿ. ವಿಶೇಷ ಹೆಚ್ಚುವರಿ ಸುಂಕ 13. ಕೃಷಿ ಮೂಲಸೌಕರ್ಯ ಸೆಸ್ 2.50. ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5. ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳ ಜತೆ ಹಂಚಿಕೆಯಾಗುವುದು ಮೊದಲಿನ 1.40 ಮಾತ್ರ, ಉಳಿದವು ಆ ಹಂಚಿಕೆಯ ಬುಟ್ಟಿಗೆ ಬರುವುದಿಲ್ಲ. ರಸ್ತೆಗೆಂದು ಹೆಸರಿಟ್ಟು ವಸೂಲು ಮಾಡುವುದು ಐದೇ ರೂಪಾಯಿ. ಈ ಐದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಪೆಟ್ರೋಲ್ ತೆರಿಗೆ ಒಂದೇ ಎಂದು ಕಂಡರೂ ಅದು ಹೊತ್ತಿರುವ ಹೊರೆ ಮೂರು. ರಸ್ತೆ ಬಳಸಿದ್ದಕ್ಕೆ ಬಾಡಿಗೆ, ಹೊಗೆ ಬಿಟ್ಟಿದ್ದಕ್ಕೆ ದಂಡ, ಸರ್ಕಾರದ ಸಾಮಾನ್ಯ ಖರ್ಚಿಗೆ ಆದಾಯ. ಶಾಲೆ, ಆಸ್ಪತ್ರೆ, ಪಿಂಚಣಿಗಳಿಗೆ ಹೋಗುವ ಹಣದಲ್ಲಿ ಪೆಟ್ರೋಲಿನ ಪಾಲು ದೊಡ್ಡದು. ಇವಿ ಬಂದಾಗ ಈ ಮೂರನ್ನೂ ಒಟ್ಟಿಗೆ ಕಟ್ಟಿ ‘ಇವಿಗೂ ತೆರಿಗೆ ಬೇಕು’, ‘ಇವಿಗೆ ತೆರಿಗೆಯೇ ಬೇಡ’ ಎಂದು ವಾದಿಸಿದರೆ ಎಲ್ಲಿಗೂ ತಲುಪುವುದಿಲ್ಲ. ಹೊಗೆ ಬಿಡದ ಗಾಡಿಗೆ ಹೊಗೆಯ ದಂಡ ಹಾಕುವುದು ಅನ್ಯಾಯ. ಆದರೆ ಅದೂ ಅದೇ ಡಾಂಬರಿನ ಮೇಲೆಯೇ ಓಡುತ್ತದೆ, ಅದೇ ಸೇತುವೆ ದಾಟುತ್ತದೆ, ಅದೇ ಟ್ರಾಫಿಕ್ಕಿನಲ್ಲಿ ಜಾಗ ಹಿಡಿಯುತ್ತದೆ. ರಸ್ತೆಯ ಬಾಡಿಗೆಯಿಂದ ಅದಕ್ಕೆ ಕಾಯಂ ವಿನಾಯಿತಿ ಕೊಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಈಗ ನಾಲ್ವರು ಸವಾರರನ್ನು ಪಕ್ಕಪಕ್ಕ ನಿಲ್ಲಿಸೋಣ. ನಾಲ್ವರೂ ಉದಾಹರಣೆಗೆ ಮಾತ್ರ, ಆದರೆ ಮಲೆನಾಡಿನಲ್ಲಿ ಇಂಥವರು ಎಲ್ಲ ಕಡೆ ಇದ್ದಾರೆ.

ಮೊದಲನೆಯವರು ಆಲ್ದೂರು ಕಡೆಯ ಕಾಫಿ ತೋಟವೊಂದರ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು. ಹಳೆಯ ಪೆಟ್ರೋಲ್ ಸ್ಕೂಟರ್, ಲೀಟರಿಗೆ 45 ಕಿಲೋಮೀಟರ್ ಕೊಡುತ್ತದೆ ಎಂದುಕೊಳ್ಳೋಣ. ಲೀಟರಿಗೆ 45 ರೂಪಾಯಿ ತೆರಿಗೆಯೆಂದರೆ ಅವರು ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿ ತೆರಿಗೆ ಕಟ್ಟುತ್ತಿದ್ದಾರೆ. ಎರಡನೆಯವರು ಹಾಸನದಲ್ಲಿ ಸಣ್ಣ ಪೆಟ್ರೋಲ್ ಕಾರು ಇಟ್ಟುಕೊಂಡವರು. ಲೀಟರಿಗೆ 15 ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ ಮೂರು ರೂಪಾಯಿ. ಮೂರನೆಯವರು ಇವಿ ಕಾರನ್ನು ಟ್ಯಾಕ್ಸಿಯಾಗಿ ಓಡಿಸುವವರು. ಬಾಡಿಗೆ ಮನೆ, ಗಾಡಿ ನಿಲ್ಲುವುದು ಬೀದಿಯಲ್ಲಿ, ಹಾಗಾಗಿ ಚಾರ್ಜಿಂಗ್ ಎಲ್ಲ ಹೆದ್ದಾರಿ ಬದಿಯ ಕೇಂದ್ರಗಳಲ್ಲೇ. ನಾಲ್ಕನೆಯವರು ಸಕಲೇಶಪುರ ಕಡೆಯ ಬೆಳೆಗಾರರು. ಇವಿ ಕಾರು ಇದೆ, ಕಣದ ಪಕ್ಕದ ಗೋದಾಮಿನ ಚಾವಣಿಯ ಮೇಲೆ ಸೋಲಾರ್ ಫಲಕಗಳೂ ಇವೆ.

ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ. ರಾಜ್ಯದ ಶೇ 9ರ ವಿದ್ಯುತ್ ತೆರಿಗೆ ಇದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ತೆರಿಗೆ 54 ಪೈಸೆ. ಕಾರು ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡಿದರೆ ಕಿಲೋಮೀಟರಿಗೆ ಎಂಟು ಪೈಸೆಗೂ ಕಡಿಮೆ. ಹಗಲು ಹೊತ್ತು ಚಾವಣಿಯ ಫಲಕದಿಂದ ನೇರ ಕಾರಿಗೆ ಇಳಿಯುವ ಕರೆಂಟು ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ; ಅಲ್ಲಿಗೆ ನಾಲ್ಕನೆಯವರ ತೆರಿಗೆ ಸೊನ್ನೆ. ಟ್ಯಾಕ್ಸಿಯವರ ಲೆಕ್ಕ ಬೇರೆ. ಸಾರ್ವಜನಿಕ ಕೇಂದ್ರದಲ್ಲಿ ಚಾರ್ಜ್ ಮಾಡಿಸುವುದು ಕರೆಂಟಿನ ಮಾರಾಟವಲ್ಲ, ಸೇವೆ. ಅದಕ್ಕೆ ಶೇ 18 ಜಿಎಸ್‌ಟಿ ಸಲ್ಲುತ್ತದೆ ಎಂದು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತು. ಆ ಪ್ರಶ್ನೆ ಕೇಳಿದ್ದು ಹಾಸನ ಜಿಲ್ಲೆಗೆ ಕರೆಂಟು ಕೊಡುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ. ಚಾರ್ಜಿಂಗ್ ಕೇಂದ್ರದ ದರ ಯೂನಿಟ್ಟಿಗೆ 20 ರೂಪಾಯಿ ಎಂದು ಹಿಡಿದರೆ ತೆರಿಗೆ 3.60. ಕಿಲೋಮೀಟರಿಗೆ ಐವತ್ತು ಪೈಸೆ ದಾಟಿತು.

ನಾಲ್ಕೂ ಅಂಕಿಗಳನ್ನು ಮತ್ತೊಮ್ಮೆ ಓದಿ. ನೂರು ಕಿಲೋ ತೂಕದ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವ ರೈಟರು ಕಿಲೋಮೀಟರಿಗೆ ಒಂದು ರೂಪಾಯಿ. ಒಂದೂವರೆ ಟನ್ ತೂಕದ ಕಾರಿನಲ್ಲಿ ಹೋಗುವ ಬೆಳೆಗಾರರು ಸೊನ್ನೆ. ಇವಿ ಕೊಂಡವರಲ್ಲೂ ಸ್ವಂತ ಜಾಗ, ಸ್ವಂತ ಚಾವಣಿ ಇದ್ದವರಿಗೆ ಹಗುರ, ಬೀದಿಯಲ್ಲಿ ಗಾಡಿ ನಿಲ್ಲಿಸುವವರಿಗೆ ಭಾರ. ಇದನ್ನು ಯಾರೂ ಕೂತು ಹೀಗೇ ಆಗಲಿ ಎಂದು ಬರೆದದ್ದಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ ಮಾಡಿದ ನಿಯಮಗಳು ಸೇರಿ ಹೀಗಾಗಿದೆ. ಸದ್ಯಕ್ಕೆ ಇವಿಗಳ ಸಂಖ್ಯೆ ಕಡಿಮೆ, ಆದ್ದರಿಂದ ಬೊಕ್ಕಸಕ್ಕೆ ಪೆಟ್ಟು ಕಾಣುತ್ತಿಲ್ಲ. ಸಂಖ್ಯೆ ಹೆಚ್ಚುತ್ತ ಹೋದಂತೆ ಕೊರತೆ ತುಂಬಲು ಸರ್ಕಾರಕ್ಕೆ ಅತಿ ಸುಲಭದ ದಾರಿಯೆಂದರೆ ಉಳಿದ ಪೆಟ್ರೋಲಿನ ಮೇಲೆ ಇನ್ನಷ್ಟು ಹೇರುವುದು. ಪೆಟ್ರೋಲಿನಲ್ಲಿ ಕೊನೆಯವರೆಗೆ ಉಳಿಯುವವರು ಯಾರು? ಹೊಸ ಗಾಡಿ ಕೊಳ್ಳಲಾಗದವರು, ಮೂರನೇ ಕೈಯ ಬೈಕ್ ಓಡಿಸುವವರು, ಚಾರ್ಜಿಂಗ್ ಕೇಂದ್ರವಿಲ್ಲದ ಹಳ್ಳಿಯವರು. ಅವರ ಹೆಗಲಿಗೆ ಇಡೀ ರಾಜ್ಯದ ರಸ್ತೆ ಬೀಳಬಾರದು ಎಂಬುದೇ ಈ ಲೇಖನದ ಕಾಳಜಿ.

ಹಾಗಾದರೆ ಕರೆಂಟಿನ ಮೇಲೆಯೇ ತೆರಿಗೆ ಹೆಚ್ಚಿಸಬಹುದಲ್ಲ? ಮೊದಲಿಗೆ ಎಲ್ಲರಿಗೂ ಹೊಳೆಯುವ ಉಪಾಯ ಇದು. ಆದರೆ ಮನೆಯ ಮೀಟರಿಗೆ ಗಾಡಿ ಕಾಣುವುದಿಲ್ಲ ಎಂದೆನಲ್ಲ. ತೆರಿಗೆ ಏರಿಸಿದರೆ ಗಾಡಿಯೇ ಇಲ್ಲದ ಮನೆಯ ಫ್ಯಾನಿಗೂ ಏರುತ್ತದೆ. ಗಾಡಿಗೆಂದು ಬೇರೆ ಮೀಟರ್ ಕಡ್ಡಾಯ ಮಾಡಿ ದರ ಏರಿಸಿದರೆ, ಜನ ಸುಮ್ಮನೆ ವರಾಂಡದ ಸಾಕೆಟ್ಟಿಗೆ ಸ್ಕೂಟರ್ ಚುಚ್ಚುತ್ತಾರೆ. ಗೃಹಜ್ಯೋತಿಯಲ್ಲಿರುವ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಹೆಚ್ಚುವರಿ ಉಚಿತ. ಇವಿ ಸ್ಕೂಟರ್ ಒಂದು ಯೂನಿಟ್ಟಿಗೆ ಮೂವತ್ತು ಕಿಲೋಮೀಟರ್ ಓಡುವುದರಿಂದ ಎಷ್ಟೋ ಮನೆಗಳಲ್ಲಿ ಅದು ಆ ಮಿತಿಯೊಳಗೇ ಅಡಗಿಹೋಗುತ್ತದೆ. ಸಾರ್ವಜನಿಕ ಕೇಂದ್ರದಲ್ಲಿ ಮಾತ್ರ ವಸೂಲು ಮಾಡಿದರೆ ಮತ್ತೆ ಟ್ಯಾಕ್ಸಿಯವರೇ ಸಿಕ್ಕಿಬೀಳುತ್ತಾರೆ. ಕರೆಂಟು ಅಗ್ಗವಾಗಿ ಇರಲಿ. ಸಾರ್ವಜನಿಕ ಚಾರ್ಜಿಂಗಿನ ಶೇ 18ನ್ನು ಇಳಿಸಬೇಕು ಎಂದೇ ನಾನು ಹೇಳುವುದು.

ಇನ್ನೊಂದು ದಾರಿ ಕೊಳ್ಳುವಾಗಲೇ ವಸೂಲಿ. ಕರ್ನಾಟಕದಲ್ಲಿ ಪೆಟ್ರೋಲ್ ಕಾರು ನೋಂದಣಿ ಮಾಡಿಸುವಾಗ ಕಟ್ಟುವ ಜೀವಿತಾವಧಿ ತೆರಿಗೆ ದೇಶದಲ್ಲೇ ದುಬಾರಿಯ ಸಾಲಿನಲ್ಲಿದೆ: 5 ಲಕ್ಷದವರೆಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18, ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ದೇಶದಲ್ಲಿ ಮೊದಲಿಗೆ, 2017ರಲ್ಲಿ, ಇವಿ ನೀತಿ ತಂದ ರಾಜ್ಯ ನಮ್ಮದು. ಇವಿಗಳಿಗೆ ಈ ತೆರಿಗೆಯಿಂದ ಪೂರ್ತಿ ವಿನಾಯಿತಿ ಕೊಟ್ಟಿತ್ತು. 2024ರಲ್ಲಿ 25 ಲಕ್ಷಕ್ಕಿಂತ ದುಬಾರಿಯ ಇವಿಗಳಿಗೆ ಶೇ 10 ತೆರಿಗೆ ಬಂತು. ಐಷಾರಾಮಿ ಕಾರಿನವರಿಗೆ ವಿನಾಯಿತಿ ಏಕೆ ಎಂಬ ಪ್ರಶ್ನೆಗೆ ಅದು ಸರಿಯಾದ ಉತ್ತರವೇ ಆಗಿತ್ತು.

ಆದರೂ ಜೀವಿತಾವಧಿ ತೆರಿಗೆಯಲ್ಲಿ ಒಂದು ಮೂಲ ದೋಷವಿದೆ. ಎಂಟು ಲಕ್ಷದ ಪೆಟ್ರೋಲ್ ಕಾರಿಗೆ ಶೇ 14ರಂತೆ 1,12,000, ಅದರ ಮೇಲಿನ ಸೆಸ್ ಸೇರಿ 1,24,320 ರೂಪಾಯಿ. ಹದಿನೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 8,300. ಅರಸೀಕೆರೆಯ ನಿವೃತ್ತ ಮೇಷ್ಟ್ರು ವರ್ಷಕ್ಕೆ 3,000 ಕಿಲೋಮೀಟರ್ ಓಡಿಸಿದರೆ ಅವರಿಗೆ ಅದು ಕಿಲೋಮೀಟರಿಗೆ ಎರಡು ಮುಕ್ಕಾಲು ರೂಪಾಯಿ. ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬಂದು ವರ್ಷಕ್ಕೆ 30,000 ಓಡಿಸುವ ವ್ಯಾಪಾರಿಗೆ ಇಪ್ಪತ್ತೆಂಟು ಪೈಸೆ. ರಸ್ತೆಯನ್ನು ಹತ್ತು ಪಟ್ಟು ಬಳಸಿದವರಿಗೆ ಹತ್ತನೆಯ ಒಂದು ದರ. ಶೆಡ್ಡಿನಲ್ಲಿ ನಿಂತ ಕಾರಿಗೂ ಓಡುವ ಕಾರಿಗೂ ಈ ತೆರಿಗೆ ವ್ಯತ್ಯಾಸ ಮಾಡುವುದಿಲ್ಲ. ಪೆಟ್ರೋಲಿನ ತೆರಿಗೆ ಆ ವ್ಯತ್ಯಾಸವನ್ನು ಹೇಗೋ ಸರಿದೂಗಿಸುತ್ತಿತ್ತು; ಇವಿಯಲ್ಲಿ ಆ ಆಸರೆಯೂ ಇಲ್ಲ.

ಇಲ್ಲಿ ತೂಕದ ಮಾತು ಬರುತ್ತದೆ. ಬ್ಯಾಟರಿಯಿಂದಾಗಿ ಇವಿ ಭಾರ, ಅದು ರಸ್ತೆಯನ್ನು ಹೆಚ್ಚು ಹಾಳು ಮಾಡುತ್ತದೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಬೇರೆ ಬೇರೆ ಭಾರದ ಲಾರಿಗಳನ್ನು ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಎಡೆಬಿಡದೆ ಓಡಿಸಿ ನೋಡಿದರು. ಅದರಿಂದ ಸಿಕ್ಕ ಸೂತ್ರ ಇಂದಿಗೂ ಎಂಜಿನಿಯರುಗಳ ಕೈಯಲ್ಲಿದೆ: ರಸ್ತೆಗೆ ಆಗುವ ಹಾನಿ ಆಕ್ಸಲ್, ಅಂದರೆ ಎಡಬಲದ ಚಕ್ರಗಳನ್ನು ಜೋಡಿಸುವ ಅಚ್ಚಿನ, ಭಾರದ ನಾಲ್ಕನೇ ಘಾತಕ್ಕೆ ಸಮೀಪವಾಗಿ ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. 1,200 ಕಿಲೋ ಪೆಟ್ರೋಲ್ ಕಾರಿನ ಜಾಗದಲ್ಲಿ 1,400 ಕಿಲೋ ಇವಿ ಬಂದರೆ ಹಾನಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ನಿಜ. ಆದರೆ ಆ ಇವಿಯ ಒಂದು ಆಕ್ಸಲ್ ಮೇಲಿನ ಭಾರ 0.7 ಟನ್. 2018ರಲ್ಲಿ ಪರಿಷ್ಕರಿಸಿದ ನಿಯಮದಂತೆ ಲಾರಿಯ ನಾಲ್ಕು ಟೈರಿನ ಒಂದು ಆಕ್ಸಲ್ ಮೇಲೆ 11.5 ಟನ್‌ವರೆಗೆ ಹೇರಬಹುದು. ಸೂತ್ರಕ್ಕೆ ಹಾಕಿ ನೋಡಿದರೆ ಲಾರಿಯ ಆ ಒಂದು ಆಕ್ಸಲ್ ಮಾಡುವ ಹಾನಿ ಕಾರಿನದರ ಸುಮಾರು 70,000 ಪಟ್ಟು. ಶಿರಾಡಿ ಘಾಟಿಯಲ್ಲಿ ರಾತ್ರಿಯಿಡೀ ಸಾಲುಗಟ್ಟಿ ಹತ್ತುವ ಲಾರಿಗಳನ್ನು ನೋಡಿದವರಿಗೆ ಈ ಅಂಕಿ ಉತ್ಪ್ರೇಕ್ಷೆ ಎನಿಸುವುದಿಲ್ಲ.

ಇದರಿಂದ ಎರಡು ಮಾತು ಸ್ಪಷ್ಟ. ಕಾರು ಇವಿಯೋ ಪೆಟ್ರೋಲೋ ಎಂಬುದು ಡಾಂಬರಿಗೆ ದೊಡ್ಡ ವಿಷಯವೇ ಅಲ್ಲ. ಕಾರಿನವರು ಕೊಡಬೇಕಾದ್ದು ರಸ್ತೆ ಸವೆದದ್ದಕ್ಕಿಂತ ಹೆಚ್ಚಾಗಿ ರಸ್ತೆ ಇರುವುದಕ್ಕೆ ಮತ್ತು ಅದರಲ್ಲಿ ಜಾಗ ಹಿಡಿದದ್ದಕ್ಕೆ. ಮುಂದೆ ಲಾರಿಗಳು ಬ್ಯಾಟರಿಗೆ ತಿರುಗಿದಾಗ ಡೀಸೆಲಿನ ತೆರಿಗೆ ತಪ್ಪಿಹೋಗುತ್ತದೆ, ಸವೆತ ಮಾತ್ರ ಹಾಗೇ ಉಳಿಯುತ್ತದೆ. ಕಾರುಗಳ ವಿಷಯದಲ್ಲಿ ಹತ್ತು ವರ್ಷ ತಡವಾದರೂ ನಿಭಾಯಿಸಬಹುದು. ಲಾರಿಗೆ ಆಕ್ಸಲ್ ಭಾರ ಮತ್ತು ದೂರ ಎರಡನ್ನೂ ಹಿಡಿದ ತೆರಿಗೆ ಮೊದಲೇ ಸಿದ್ಧವಿರಬೇಕು.

ಮಲೆನಾಡಿನ ಮಟ್ಟಿಗೆ ಒಂದು ಮಾತು ಸೇರಿಸಲೇಬೇಕು. ನಮ್ಮ ರಸ್ತೆಗಳನ್ನು ಚಕ್ರಕ್ಕಿಂತ ಮೊದಲು ಮಳೆ ತಿನ್ನುತ್ತದೆ. ಚರಂಡಿ ಕಟ್ಟಿಕೊಂಡು ನೀರು ಡಾಂಬರಿನ ಅಡಿಗೆ ಇಳಿದರೆ ಒಂದೇ ಮಳೆಗಾಲ ಸಾಕು. 2024ರ ಜುಲೈನಲ್ಲಿ ಸಕಲೇಶಪುರ ಬಳಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸಂಚಾರ ನಿಂತದ್ದು ಎಲ್ಲರಿಗೂ ನೆನಪಿದೆ. ಅಂಥ ಹಾನಿಗೆ ಯಾವ ಸವಾರರೂ ಹೊಣೆಯಲ್ಲ. ಆದ್ದರಿಂದ ರಸ್ತೆಯ ಪೂರ್ತಿ ಖರ್ಚನ್ನು ಓಡಿಸುವವರಿಂದಲೇ ವಸೂಲು ಮಾಡಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಾಫಿ, ಮೆಣಸು, ಹಾಲು, ಔಷಧಿ ಎಲ್ಲವೂ ಆ ರಸ್ತೆಯಲ್ಲೇ ಬರುವುದು. ಗಾಡಿಯೇ ಇಲ್ಲದವರೂ ಅದರ ಫಲ ಉಣ್ಣುತ್ತಾರೆ. ಒಂದು ಪಾಲು ಸಾಮಾನ್ಯ ಬೊಕ್ಕಸದಿಂದಲೇ ಬರಬೇಕು.

ಇನ್ನು ಕಿಲೋಮೀಟರ್ ಲೆಕ್ಕದ ತೆರಿಗೆ. ನ್ಯೂಜಿಲೆಂಡಿನಲ್ಲಿ ಡೀಸೆಲ್ ಗಾಡಿಗಳಿಗೆ ಇದು 1978ರಿಂದಲೂ ಇದೆ. ಅಲ್ಲಿ ಬಂಕಿನ ಡೀಸೆಲಿಗೆ ರಸ್ತೆ ತೆರಿಗೆ ಇಲ್ಲ. ಸಾವಿರ ಕಿಲೋಮೀಟರಿಗೆ ಇಷ್ಟು ಎಂದು ಮುಂಗಡ ಪರವಾನಗಿ ಕೊಂಡು, ಅದು ಮುಗಿಯುವ ಮೊದಲು ಇನ್ನೊಂದು ಕೊಳ್ಳಬೇಕು. 2024ರ ಏಪ್ರಿಲ್ 1ರಿಂದ ಇವಿಗಳನ್ನೂ ಅದರೊಳಗೆ ತಂದರು, ಸಾವಿರ ಕಿಲೋಮೀಟರಿಗೆ 76 ನ್ಯೂಜಿಲೆಂಡ್ ಡಾಲರ್. ಐಸ್‌ಲೆಂಡ್ ಅದೇ ವರ್ಷದ ಜನವರಿಯಿಂದ ಇವಿಗಳಿಗೆ ಕಿಲೋಮೀಟರಿಗೆ ಆರು ಕ್ರೋನಾ ಹಾಕಿತು. 2026ರಿಂದ ಪೆಟ್ರೋಲ್ ಕಾರುಗಳಿಗೂ ಕಿಲೋಮೀಟರ್ ತೆರಿಗೆ ವಿಸ್ತರಿಸಿ, ಇಂಧನದ ಮೇಲಿನ ಹಳೆಯ ಸುಂಕ ತೆಗೆದು, ಇಂಗಾಲದ ತೆರಿಗೆಯನ್ನು ಮಾತ್ರ ಉಳಿಸಿಕೊಂಡಿತು. ರಸ್ತೆಯ ಬಾಡಿಗೆ ಬೇರೆ, ಹೊಗೆಯ ದಂಡ ಬೇರೆ ಎಂದು ಬಿಡಿಸಿ ಇಡುವುದೆಂದರೆ ಇದೇ. ಬ್ರಿಟನ್ 2028ರ ಏಪ್ರಿಲ್‌ನಿಂದ ಇವಿಗೆ ಮೈಲಿಗೆ ಮೂರು ಪೆನ್ಸ್ ಎಂದು 2025ರ ನವೆಂಬರ್‌ನ ಬಜೆಟ್ಟಿನಲ್ಲೇ ಹೇಳಿಬಿಟ್ಟಿತು. ಎರಡು ವರ್ಷಕ್ಕೂ ಮೊದಲೇ ತಿಳಿಸಿದ್ದು ನನಗೆ ಮೆಚ್ಚುಗೆಯಾದ ಅಂಶ. ನ್ಯೂಜಿಲೆಂಡಿನಲ್ಲಿ ಇವಿ ಖರೀದಿಯ ರಿಯಾಯಿತಿಯನ್ನು 2023ರ ಕೊನೆಗೆ ನಿಲ್ಲಿಸಿ, ಮೂರೇ ತಿಂಗಳಲ್ಲಿ ಈ ತೆರಿಗೆಯನ್ನೂ ತಂದರು. ಮಾರಾಟ ತಟ್ಟನೆ ಕುಸಿಯಿತು. ಎರಡು ಪೆಟ್ಟು ಒಟ್ಟಿಗೆ ಬೀಳಬಾರದು.

ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದ ಕಥೆ ಬೇರೆ. ಅದು 2021ರಿಂದ ಇವಿಗಳಿಗೆ ಕಿಲೋಮೀಟರ್ ಶುಲ್ಕ ಹಾಕಿತ್ತು. 2023ರ ಅಕ್ಟೋಬರ್‌ನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ನಾಲ್ಕು–ಮೂರರ ಬಹುಮತದಿಂದ ಅದನ್ನು ರದ್ದುಮಾಡಿತು. ಅಂಥ ತೆರಿಗೆ ಹಾಕುವ ಅಧಿಕಾರ ಕೇಂದ್ರದ್ದು, ರಾಜ್ಯದ್ದಲ್ಲ ಎಂದಿತು. ನಮ್ಮಲ್ಲಿ ಚಿತ್ರ ತಿರುವುಮುರುವು. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 57ನೇ ನಮೂದು ವಾಹನಗಳ ಮೇಲಿನ ತೆರಿಗೆ, 53ನೆಯದು ವಿದ್ಯುತ್ ಬಳಕೆಯ ತೆರಿಗೆ. ಕೇಂದ್ರದ ಕೈಯಲ್ಲಿರುವುದು ಮುಖ್ಯವಾಗಿ ಪೆಟ್ರೋಲಿಯಂ ಮೇಲಿನ ಅಬಕಾರಿ. ಪೆಟ್ರೋಲು ಕರಗಿದಂತೆ ಕೇಂದ್ರದ ಆದಾಯ ಕರಗುತ್ತದೆ, ರಾಜ್ಯದ ಕೈಯಲ್ಲಿ ವಾಹನ ತೆರಿಗೆ ಉಳಿದಿರುತ್ತದೆ. 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯನ್ನು ತಿದ್ದುವುದು ನಮ್ಮ ವಿಧಾನಸಭೆಯ ಕೆಲಸ. ದೆಹಲಿಯ ಕಡೆ ನೋಡುತ್ತ ಕೂರಬೇಕಾಗಿಲ್ಲ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಮಾತ್ರ ಕೇಂದ್ರದ ಕೈಯಲ್ಲಿದೆ; ಕೊರತೆ ಕಾಡಿದಾಗ ಅದು ಟೋಲಿನ ಕಡೆಗೇ ಕೈ ಚಾಚುವ ಸಾಧ್ಯತೆ ಹೆಚ್ಚು.

ಟೋಲ್ ಸಾಕಲ್ಲವೇ ಎನ್ನುವವರಿಗೆ ಒಂದೇ ಉತ್ತರ. ಶಾಂತಿಗ್ರಾಮದ ಟೋಲಿನಲ್ಲಿ ಇವಿಯೂ ಪೆಟ್ರೋಲ್ ಕಾರೂ ಒಂದೇ ಹಣ ಕಟ್ಟುತ್ತವೆ, ಸರಿಯೇ. ಆದರೆ ಟೋಲ್ ಇರುವುದು ಹೆದ್ದಾರಿಯಲ್ಲಿ. ಬೇಲೂರಿನಿಂದ ಒಳಗೆ ಹೋಗುವ ಜಿಲ್ಲಾ ರಸ್ತೆಗೆ, ಮೂಡಿಗೆರೆಯ ತೋಟಗಳ ನಡುವಿನ ಪಂಚಾಯಿತಿ ರಸ್ತೆಗೆ ಟೋಲ್ ಹಾಕುವವರು ಯಾರು?

ಕಿಲೋಮೀಟರನ್ನು ಅಳೆಯುವುದು ಹೇಗೆ ಎಂಬಲ್ಲಿ ಜನರ ಭಯ ಶುರುವಾಗುತ್ತದೆ. ಉಪಗ್ರಹದಿಂದ ಗಾಡಿಯ ಜಾಡು ಹಿಡಿದು ಟೋಲ್ ವಸೂಲು ಮಾಡಲು 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ನಿಯಮ ತಿದ್ದಿತು. ಆ ತಂತ್ರವನ್ನು ಎಲ್ಲ ರಸ್ತೆಗೂ ಹಬ್ಬಿಸಿದರೆ ಯಾರು ಯಾವಾಗ ಯಾರ ಮನೆ ಮುಂದೆ ನಿಂತಿದ್ದರು ಎಂಬುದು ಸರ್ಕಾರದ ಕಡತದಲ್ಲಿ ಸೇರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣವನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ನೆರಳಿನಲ್ಲಿ ಬದುಕುವ ನಾವು ರಸ್ತೆ ತೆರಿಗೆಗಾಗಿ ಜಾಡು ಒಪ್ಪಿಸುವುದು ಬೇಡ. ಅಗತ್ಯವೂ ಇಲ್ಲ. ಪ್ರತಿ ಗಾಡಿಯಲ್ಲೂ ಒಂದು ಓಡೋಮೀಟರ್ ಇದೆ. ಅದರಲ್ಲಿ ಇರುವುದು ಒಂದೇ ಅಂಕಿ. ಎಲ್ಲಿಗೆ ಹೋದಿರಿ ಎಂದು ಅದು ಹೇಳುವುದಿಲ್ಲ, ಎಷ್ಟು ದೂರ ಎಂದಷ್ಟೇ ಹೇಳುತ್ತದೆ.

ಆ ಅಂಕಿಯನ್ನು ಓದಲು ಹೊಸ ಇಲಾಖೆ ಕಟ್ಟುವುದೂ ಬೇಡ. ಪೆಟ್ರೋಲ್ ಗಾಡಿಗಳು ವರ್ಷಕ್ಕೊಮ್ಮೆಯಾದರೂ ಎಮಿಷನ್ ಟೆಸ್ಟಿಗೆ ಹೋಗಿಬರಬೇಕು. ರಸ್ತೆ ಬದಿಯ ಆ ಕೇಂದ್ರದಲ್ಲಿ ಹುಡುಗನೊಬ್ಬ ಸೈಲೆನ್ಸರಿಗೆ ಕೊಳವೆ ಸಿಕ್ಕಿಸಿ, ನಂಬರ್ ಪ್ಲೇಟಿನ ಫೋಟೊ ತೆಗೆದು, ಕಾಗದ ಕೊಡುತ್ತಾನೆ. ಮೀಟರ್ ಫಲಕದ ಇನ್ನೊಂದು ಫೋಟೊ ತೆಗೆದರೆ ಮುಗಿಯಿತು. ಇವಿಗೆ ಹೊಗೆ ತಪಾಸಣೆ ಇಲ್ಲದಿದ್ದರೂ ವಿಮೆ ಕಡ್ಡಾಯ. ಓಡಿದ ದೂರದ ಮೇಲೆ ಕಂತು ನಿಗದಿಯಾಗುವ ವಿಮೆಗೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಅಂದರೆ ಕಿಲೋಮೀಟರ್ ಓದುವ ಪದ್ಧತಿ ನಮ್ಮಲ್ಲಿ ಆಗಲೇ ಇದೆ. ವಿಮೆ ನವೀಕರಿಸುವಾಗ ಓಡೋಮೀಟರ್ ದಾಖಲಿಸಿ ತೆರಿಗೆ ಕಟ್ಟುವಂತೆ ಮಾಡಬಹುದು. ಮೀಟರ್ ಹಿಂದಕ್ಕೆ ತಿರುಗಿಸುವವರು ಇರುತ್ತಾರೆ, ಹಳೆ ಗಾಡಿ ಮಾರುಕಟ್ಟೆಯಲ್ಲಿ ಆ ರೋಗ ಈಗಲೂ ಇದೆ. ವರ್ಷ ವರ್ಷದ ಅಂಕಿ ಸರ್ಕಾರದ ದಾಖಲೆಯಲ್ಲಿ ಇದ್ದರೆ ಆ ಮೋಸ ಕಡಿಮೆಯಾಗುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಿಗೂ ಉಪಕಾರ.

ದರ ಎಷ್ಟಿರಬೇಕು? ಇಲ್ಲಿ ಆ ಐದು ರೂಪಾಯಿಯನ್ನು ನೆನಪಿಸಿಕೊಳ್ಳಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ರಸ್ತೆಯ ಪಾಲು ಐದು ರೂಪಾಯಿ ಎಂದು ಸರ್ಕಾರದ ಸೆಸ್ಸೇ ಹೇಳುತ್ತದೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೆ ಅದು ಕಿಲೋಮೀಟರಿಗೆ 33 ಪೈಸೆ, 45 ಓಡುವ ಸ್ಕೂಟರಿಗೆ 11 ಪೈಸೆ. ಇವಿ ಕಾರಿಗೆ 33 ಪೈಸೆಯಿಂದ ಶುರುಮಾಡಿದರೆ ವರ್ಷಕ್ಕೆ 10,000 ಕಿಲೋಮೀಟರಿಗೆ 3,300 ರೂಪಾಯಿ ಆಗುತ್ತದೆ. ಪೆಟ್ರೋಲಿಗೆ ಹೋಲಿಸಿದರೆ ಇವಿಯಲ್ಲಿ ಉಳಿಯುವ ಹಣದ ಮುಂದೆ ಇದು ಚಿಕ್ಕದು, ಇವಿ ಕೊಳ್ಳುವವರ ಮನಸ್ಸು ಮುರಿಯುವಷ್ಟಿಲ್ಲ. ನ್ಯೂಜಿಲೆಂಡಿನ ದರ ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ ನಾಲ್ಕು ರೂಪಾಯಿಯ ಹತ್ತಿರ. ಅದರ ಹತ್ತನೆಯ ಒಂದು ಪಾಲೂ ಇದಲ್ಲ. ದ್ವಿಚಕ್ರ ವಾಹನಗಳನ್ನು ಸದ್ಯಕ್ಕೆ ಪೂರ್ತಿ ಬಿಟ್ಟುಬಿಡಬೇಕು. 11 ಪೈಸೆ ವಸೂಲು ಮಾಡಲು ಆಗುವ ಖರ್ಚೇ ಅದಕ್ಕಿಂತ ಹೆಚ್ಚಾದೀತು, ಪೆಟ್ರೋಲ್ ಸ್ಕೂಟರಿನವರು ಇವಿಗೆ ಬದಲಾಗುವುದೇ ನಮಗೆ ಬೇಕಾದದ್ದು.

ದೂರದ ಊರಿನವರಿಗೆ ಇದು ಹೊರೆಯಾಗದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಕಳಸದವರು ಆಸ್ಪತ್ರೆಗೆಂದು ಚಿಕ್ಕಮಗಳೂರಿಗೆ ಬರಬೇಕು, ಬೆಂಗಳೂರಿನವರಂತೆ ಮುಂದಿನ ಬೀದಿಗೆ ಹೋದರೆ ಸಾಲದು. ಆದರೆ ಅವರು ಈಗಲೂ ಕಿಲೋಮೀಟರ್ ಲೆಕ್ಕದಲ್ಲೇ, ಅದೂ ಜಾಸ್ತಿಯೇ ಕೊಡುತ್ತಿದ್ದಾರೆ. ಘಟ್ಟ ಹತ್ತುವಾಗ ಮೈಲೇಜ್ ಇಳಿಯುತ್ತದೆ, ಒಂದೇ ದೂರಕ್ಕೆ ಹೆಚ್ಚು ಪೆಟ್ರೋಲು ಸುಡುತ್ತದೆ, ತೆರಿಗೆಯೂ ಹೆಚ್ಚು ಬೀಳುತ್ತದೆ. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡುವವರಿಗಿಂತ ಚಾರ್ಮಾಡಿ ಹತ್ತುವವರು ಪ್ರತಿ ಕಿಲೋಮೀಟರಿಗೆ ಹೆಚ್ಚು ತೆರಿಗೆ ಕಟ್ಟುತ್ತಿದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ. ಓಡೋಮೀಟರ್ ಲೆಕ್ಕದಲ್ಲಿ ಈ ತಾರತಮ್ಯ ಇರುವುದಿಲ್ಲ. ಅದರ ಮೇಲೆ ವರ್ಷದ ಮೊದಲ ಮೂರು ನಾಲ್ಕು ಸಾವಿರ ಕಿಲೋಮೀಟರಿಗೆ ಎಲ್ಲರಿಗೂ ವಿನಾಯಿತಿ ಕೊಟ್ಟರೆ ಅಗತ್ಯದ ಓಡಾಟ ಬಹುಪಾಲು ಅದರಲ್ಲೇ ಮುಗಿಯುತ್ತದೆ.

ಪ್ರವಾಸಿಗರ ವಿಷಯ ಪ್ರತ್ಯೇಕ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ, ದತ್ತಪೀಠದ ರಸ್ತೆ ತುಂಬುವ ಕಾರುಗಳು ಪೆಟ್ರೋಲ್ ಹಾಕಿಸಿಕೊಳ್ಳುವುದು ಬೇರೆ ಕಡೆ, ರಸ್ತೆಯಲ್ಲಿ ದಟ್ಟಣೆ ಮಾಡುವುದು ಇಲ್ಲಿ. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ದಿನವನ್ನು ಎರಡು ಪಾಳಿಯಾಗಿ ಭಾಗಿಸಿ, ಪಾಳಿಗೆ ಇಷ್ಟೇ ವಾಹನ ಎಂದು ಮಿತಿ ಹಾಕಿ, ಆನ್‌ಲೈನ್ ನೋಂದಣಿ ಮತ್ತು ಶುಲ್ಕ ತಂದಿದೆ. ದಟ್ಟಣೆಗೆ ಬೆಲೆ ಕಟ್ಟುವ ಪದ್ಧತಿ ಎಂದು ಅರ್ಥಶಾಸ್ತ್ರಜ್ಞರು ಹೇಳುವುದನ್ನು ಚಿಕ್ಕಮಗಳೂರು ಯಾವ ದೊಡ್ಡ ಹೆಸರೂ ಇಲ್ಲದೆ ಮಾಡಿ ತೋರಿಸಿದೆ. ಗಾಡಿ ಪೆಟ್ರೋಲಿನದೋ ಬ್ಯಾಟರಿಯದೋ ಎಂಬುದು ಅಲ್ಲಿ ಮುಖ್ಯವಲ್ಲ, ಏಕೆಂದರೆ ಇಕ್ಕಟ್ಟಿನ ತಿರುವಿನಲ್ಲಿ ಎರಡೂ ಹಿಡಿಯುವ ಜಾಗ ಒಂದೇ. ಇದು ಇರಲಿ, ಗಟ್ಟಿಯಾಗಲಿ.

ಇದನ್ನೆಲ್ಲ ಈಗಲೇ ಏಕೆ ಮಾಡಬೇಕು, ಇವಿಗಳು ಇನ್ನಷ್ಟು ಹೆಚ್ಚಲಿ ಎನ್ನುವವರೂ ಇದ್ದಾರೆ. ಇಂದು ನೋಂದಣಿಯಾಗುವ ಖಾಸಗಿ ಕಾರಿನ ನೋಂದಣಿ ಅವಧಿ ಹದಿನೈದು ವರ್ಷ. ಕೊಳ್ಳುವಾಗ ‘ತೆರಿಗೆ ಇಲ್ಲ’ ಎಂದು ನಂಬಿಸಿ ಐದು ವರ್ಷದ ನಂತರ ಕಿಲೋಮೀಟರ್ ಬಿಲ್ ಕೈಗಿಟ್ಟರೆ ಜನ ಮೋಸಹೋದೆವು ಎನ್ನುತ್ತಾರೆ, ಅದು ಸಹಜ ಕೂಡ. ಇಂಥ ದಿನಾಂಕದ ನಂತರ ನೋಂದಣಿಯಾದ ಇವಿ ಕಾರುಗಳಿಗೆ, ಇಂಥ ವರ್ಷದಿಂದ, ಇಂಥ ದರ ಎಂದು ಈಗಲೇ ಬರೆದಿಟ್ಟರೆ ಕೊಳ್ಳುವವರು ತಿಳಿದೇ ಕೊಳ್ಳುತ್ತಾರೆ. ಅದರ ಬದಲಿಗೆ ಜೀವಿತಾವಧಿ ತೆರಿಗೆ ಕಡಿಮೆಯೇ ಇರಲಿ. ಎರಡನ್ನೂ ಒಟ್ಟಿಗೆ ಹೇರುವುದು ಬೇಡ.

ಕೊನೆಯದಾಗಿ ಹಣ ಎಲ್ಲಿಗೆ ಹೋಗಬೇಕು ಎಂಬುದು. ಪೆಟ್ರೋಲಿನ ತೆರಿಗೆ ಬೆಂಗಳೂರು, ದೆಹಲಿಗಳ ಬೊಕ್ಕಸ ಸೇರುತ್ತದೆ. ಹಳ್ಳಿ ರಸ್ತೆಗೆ ವಾಪಸು ಬರುವಷ್ಟರಲ್ಲಿ ಎಷ್ಟು ಕೈ ದಾಟುತ್ತದೋ. ಕಿಲೋಮೀಟರ್ ತೆರಿಗೆಯಲ್ಲಿ ಗಾಡಿ ಎಲ್ಲಿ ಓಡಿತು ಎಂದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಸಂಗ್ರಹವಾದದ್ದರಲ್ಲಿ ಅರ್ಧವನ್ನು ಜಿಲ್ಲಾ ಪಂಚಾಯಿತಿಗಳಿಗೆ ಅಲ್ಲಿನ ರಸ್ತೆಯ ಉದ್ದ ಮತ್ತು ಮಳೆಯ ಪ್ರಮಾಣ ನೋಡಿ ಹಂಚಬೇಕು, ಅದರಲ್ಲೂ ಒಂದು ಪಾಲನ್ನು ಮೇ ತಿಂಗಳೊಳಗೆ ಚರಂಡಿ ಮತ್ತು ಮೋರಿ ಬಿಡಿಸುವುದಕ್ಕೇ ಮೀಸಲಿಡಬೇಕು ಎಂದು ಕಾಯ್ದೆಯಲ್ಲೇ ಬರೆಯಬೇಕು.